ಪ್ಲಾಸ್ಟಿಕ್ಕೂ ಬೆಂಕಿಯೂ: ಜ್ವಾಲಾರೋಧಕ ದ್ರವ್ಯಗಳ ಒಂದು ಪರಿಚಯ

ಐವತ್ತು ಅರುವತ್ತು ವರ್ಷಗಳ ಹಿಂದೆ ಕಟ್ಟಿದ ಶಾಲೆಯ ಕೊಠಡಿಯೊಂದನ್ನೂ ಇತ್ತೀಚೆಗೆ ಕಟ್ಟಿ ಮುಗಿಸಿದ ಕೊಠಡಿಯೊಂದನ್ನೂ ಹೋಲಿಸಿ ನೋಡಿದರೆ ಒಂದು ವ್ಯತ್ಯಾಸವು ಕೂಡಲೇ ಕಣ್ಣಿಗೆ ಬೀಳುತ್ತದೆ. ಹಳೆಯ ಕೊಠಡಿಯಲ್ಲಿದ್ದುದು ಕಲ್ಲು, ಗಾರೆ, ಹಂಚು, ಸಾಗುವಾನಿಯ ಬಾಗಿಲು, ಮರದ ಬೆಂಚು, ಹೆಚ್ಚೆಂದರೆ ಒಂದು ಹತ್ತಿಯ ಜಮಖಾನೆ. ಹೊಸ ಕೊಠಡಿಯಲ್ಲಿಯಾದರೋ ವಿದ್ಯುತ್ ತಂತಿಯ ಹೊದಿಕೆ, ಸ್ವಿಚ್ಚು ಬೋರ್ಡು, ನೀರಿನ ಕೊಳವೆ, ಕುರ್ಚಿ, ಒಳಚಾವಣಿಯ ಹಲಗೆ, ಪರದೆ, ಗಣಕಯಂತ್ರದ ಪೆಟ್ಟಿಗೆ, ಹಾಸಿಗೆಯೊಳಗಿನ ಫೋಮು, ಕೊನೆಗೆ ಕಟ್ಟಡದ ಮುಂಭಾಗಕ್ಕೆ ಹೊದಿಸಿದ ಹೊಳೆಯುವ ಹಾಳೆ, ಇವೆಲ್ಲವೂ ಪ್ಲಾಸ್ಟಿಕ್ಕಿನಿಂದ ಆದವು, ಇಲ್ಲವೆ ಪ್ಲಾಸ್ಟಿಕ್ಕನ್ನು ಒಡಲಲ್ಲಿ ಇರಿಸಿಕೊಂಡವು.

ಪ್ಲಾಸ್ಟಿಕ್ಕನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಅದು ಹಗುರವಾದುದು, ಅಗ್ಗವಾದುದು, ತುಕ್ಕು ಹಿಡಿಯದು, ವಿದ್ಯುತ್ತನ್ನು ಹರಿಯಗೊಡದು. ಅದಿಲ್ಲದಿದ್ದರೆ ಇಂದು ಹಳ್ಳಿಹಳ್ಳಿಗೂ ವಿದ್ಯುದ್ದೀಪ ಬರುವುದು ಕಷ್ಟವಾಗುತ್ತಿತ್ತು. ಆದರೆ ಅದರ ಹುಟ್ಟನ್ನು ಮರೆಯಲಾಗದು. ಪಾಲಿಥೀನ್, ಪಾಲಿಪ್ರೊಪಿಲೀನ್, ಪಾಲಿಸ್ಟೈರೀನ್ ಮೊದಲಾದವು ಕಲ್ಲೆಣ್ಣೆಯ ಸಂತಾನ. ಒಂದು ಕಿಲೋಗ್ರಾಂ ಪಾಲಿಥೀನ್ ಪೂರ್ಣವಾಗಿ ಉರಿದರೆ ಹೊರಬರುವ ಶಾಖವು ಒಂದು ಕಿಲೋಗ್ರಾಂ ಸೀಮೆಎಣ್ಣೆಯ ಶಾಖಕ್ಕೆ ಹೆಚ್ಚುಕಡಮೆ ಸಮನಾಗಿದೆ. ಅಷ್ಟೇ ತೂಕದ ಒಣ ಕಟ್ಟಿಗೆಯು ಕೊಡುವ ಶಾಖದ ಎರಡು ಪಟ್ಟಿಗೂ ಅದು ಅಧಿಕ. ಅಂದಮೇಲೆ ಪ್ಲಾಸ್ಟಿಕ್ ಸಾಮಗ್ರಿಗಳಿಂದ ತುಂಬಿದ ಕೊಠಡಿಯು ಘನರೂಪದ ಎಣ್ಣೆಯ ದಾಸ್ತಾನೆಂದರೆ ಅತಿಶಯೋಕ್ತಿಯಾಗಲಾರದು.

ಈ ಕಾರಣದಿಂದಲೇ ಪ್ಲಾಸ್ಟಿಕ್ಕನ್ನು ತಯಾರಿಸುವಾಗ ಅದರೊಡನೆ ಕೆಲವು ರಾಸಾಯನಿಕಗಳನ್ನು ಬೆರೆಸುವ ಪದ್ಧತಿ ಬೆಳೆದುಬಂದಿದೆ. ಇವುಗಳಿಗೆ ಜ್ವಾಲಾರೋಧಕ ದ್ರವ್ಯಗಳೆಂದು ಹೆಸರು. ಅಂಗಡಿಯವರು ಇಂತಹ ಸಾಮಾನನ್ನು ‘ಫೈರ್ ಪ್ರೂಫ್’ ಎಂದು ಹೇಳಿ ಮಾರುವುದುಂಟು. ಇದು ತಪ್ಪು ಮಾತು. ರೋಧಕವೆಂದರೆ ತಡೆದು ನಿಧಾನಗೊಳಿಸುವಂಥದು, ಇಲ್ಲವಾಗಿಸುವಂಥದಲ್ಲ. ಸಾಕಷ್ಟು ಶಾಖ ಒದಗಿದರೆ ಇಂತಹ ಪ್ಲಾಸ್ಟಿಕ್ಕೂ ಉರಿದೇ ಉರಿಯುತ್ತದೆ. ಅದು ನಮಗೆ ಸಂಪಾದಿಸಿಕೊಡುವುದು ಕೆಲವು ನಿಮಿಷಗಳ ಕಾಲಾವಕಾಶವನ್ನು ಮಾತ್ರ. ಆ ನಿಮಿಷಗಳು ಎಷ್ಟು ಅಮೂಲ್ಯವಾದವು, ಅವುಗಳಿಗೆ ಯಾವ ಬೆಲೆ ತೆರಬೇಕಾಗುತ್ತದೆ, ಆ ಬೆಲೆಯನ್ನು ತೆರುವವರು ಯಾರು ಎಂಬುದನ್ನು ವಿಚಾರಿಸುವುದೇ ಇಲ್ಲಿಯ ಪ್ರಯತ್ನ.

ಮೊದಲು ಪ್ಲಾಸ್ಟಿಕ್ ಹೇಗೆ ಉರಿಯುತ್ತದೆ ಎಂಬುದನ್ನು ತಿಳಿಯತಕ್ಕದ್ದು. ಹಣತೆಯಲ್ಲಿ ಎಣ್ಣೆಯೇ ಉರಿಯುತ್ತದೆಂದು ನಾವು ಹೇಳುತ್ತೇವೆ. ವಾಸ್ತವವಾಗಿ ಉರಿಯುವುದು ಬತ್ತಿಯ ತುದಿಯಲ್ಲಿ ಎಣ್ಣೆಯಿಂದ ಏಳುವ ಆವಿ. ಪ್ಲಾಸ್ಟಿಕ್ಕಿನದೂ ಇದೇ ರೀತಿ. ಪ್ಲಾಸ್ಟಿಕ್ ಎಂಬುದು ಸಾವಿರಾರು ಕೊಂಡಿಗಳಿಂದಾದ ಉದ್ದ ಸರಪಳಿಗಳಂತಹ ಅಣುಗಳ ರಾಶಿ. ಹೊರಗಿನಿಂದ ಶಾಖ ತಗುಲಿದಾಗ ಈ ಸರಪಳಿಗಳು ತುಂಡುತುಂಡಾಗಿ ಕಡಿದು, ಹಗುರವಾದ ತುಂಡುಗಳು ಅನಿಲರೂಪದಲ್ಲಿ ಮೇಲಕ್ಕೆದ್ದು ಗಾಳಿಯ ಆಮ್ಲಜನಕದೊಡನೆ ಬೆರೆತು ಉರಿಯುತ್ತವೆ. ಆ ಉರಿಯ ಶಾಖದಲ್ಲಿ ಒಂದು ಪಾಲು ಮತ್ತೆ ಪ್ಲಾಸ್ಟಿಕ್ಕಿನ ಮೈಗೆ ಬಂದು ತಾಗಿ ಇನ್ನಷ್ಟು ಅನಿಲವನ್ನು ಎಬ್ಬಿಸುತ್ತದೆ. ಹೀಗೆ ಉರಿಯು ತನ್ನ ಮೇವನ್ನು ತಾನೇ ಬೇಯಿಸಿಕೊಂಡು ಉಣ್ಣುತ್ತದೆ. ಕಡ್ಡಿ ಗೀರಿದವನು ಅಲ್ಲಿಂದ ಹೊರಟುಹೋದರೂ ಈ ಚಕ್ರವು ನಿಲ್ಲದು.

ಜ್ವಾಲೆಯೊಳಗೆ ನಡೆಯುವುದು ಇನ್ನೂ ಸೂಕ್ಷ್ಮವಾದ ವ್ಯಾಪಾರ. ಅಲ್ಲಿ ಜಲಜನಕದ ಒಂಟಿ ಪರಮಾಣುಗಳೂ, ಆಮ್ಲಜನಕ ಜಲಜನಕಗಳೆರಡೂ ಸೇರಿದ ಹೈಡ್ರಾಕ್ಸಿಲ್ ಎಂಬ ಅರೆಬರೆ ಕಣಗಳೂ ಉಂಟಾಗುತ್ತವೆ. ಇವುಗಳಿಗೆ ಮುಕ್ತ ರಾಡಿಕಲ್ಲುಗಳೆಂದು ಹೆಸರು. ಜೊತೆಯಿಲ್ಲದ ಈ ಕಣಗಳು ಅತ್ಯಂತ ಚಂಚಲವಾದವು. ಎದುರಾದ ಅಣುವನ್ನು ಒಡೆದು ತಮ್ಮಂಥವೇ ಇನ್ನೂ ಕೆಲವನ್ನು ಹುಟ್ಟಿಸುತ್ತವೆ. ಜಲಜನಕದ ಒಂದು ಪರಮಾಣು ಆಮ್ಲಜನಕದ ಒಂದು ಅಣುವಿಗೆ ಬಡಿದರೆ ಒಂದು ರಾಡಿಕಲ್ಲಿನ ಜಾಗದಲ್ಲಿ ಎರಡು ರಾಡಿಕಲ್ಲುಗಳು ಉಂಟಾಗುತ್ತವೆ. ಒಂದು ಎರಡಾಗಿ ಎರಡು ನಾಲ್ಕಾಗಿ ಹಬ್ಬುವ ಈ ಸರಪಳಿ ಕ್ರಿಯೆಯೇ ಜ್ವಾಲೆಯ ಜೀವಾಳ.

ಹೀಗೆ ನೋಡಿದಾಗ ಬೆಂಕಿಯನ್ನು ತಡೆಯುವ ಮಾರ್ಗಗಳು ತಾವಾಗಿಯೇ ಗೋಚರವಾಗುತ್ತವೆ. ಶಾಖವನ್ನು ಹೀರಿಬಿಡಬಹುದು. ಪ್ಲಾಸ್ಟಿಕ್ಕಿನ ಮೈಮೇಲೆ ಕವಚವನ್ನು ಮೂಡಿಸಿ ಅನಿಲವು ಏಳದಂತೆ ಮಾಡಬಹುದು. ಅಥವಾ ಜ್ವಾಲೆಯೊಳಕ್ಕೇ ನುಗ್ಗಿ ಆ ಚಂಚಲ ಕಣಗಳನ್ನು ಹಿಡಿದು ಕಟ್ಟಿಹಾಕಬಹುದು. ಇಂದು ಬಳಕೆಯಲ್ಲಿರುವ ಬಹುಪಾಲು ಜ್ವಾಲಾರೋಧಕಗಳು ಈ ಮೂರರಲ್ಲಿ ಒಂದನ್ನೋ ಎರಡನ್ನೋ ಅವಲಂಬಿಸಿವೆ.

ಈ ವಿದ್ಯೆಯು ಪ್ಲಾಸ್ಟಿಕ್ಕಿಗಿಂತ ಬಹಳ ಹಳೆಯದು. 1735ರಲ್ಲಿ ಇಂಗ್ಲೆಂಡಿನ ಒಬಾಡಯಾ ವೈಲ್ಡ್ ಎಂಬಾತನು ಬಟ್ಟೆ ಮತ್ತು ಕಾಗದಗಳು ಉರಿಯದಂತೆ ಮಾಡುವ ಮಿಶ್ರಣಕ್ಕೆ ಹಕ್ಕುಪತ್ರವನ್ನು ಪಡೆದನು. ಅದರಲ್ಲಿದ್ದವು ಪಟಿಕ, ಬಿಳಿಗಾರ ಮತ್ತು ಅನ್ನಭೇದಿ. ನಮ್ಮ ಗಂಧಿಗೆ ಅಂಗಡಿಗಳಲ್ಲಿಯೂ ದೊರೆಯುತ್ತಿದ್ದ ಸಾಮಾನುಗಳೇ. ಬಳಿಕ ಫ್ರಾನ್ಸಿನ ದೊರೆ ಹದಿನೆಂಟನೆಯ ಲೂಯಿಯು ನಾಟಕಶಾಲೆಗಳ ಪರದೆಗಳಿಗೆ ಮೇಲಿಂದ ಮೇಲೆ ಬೆಂಕಿ ಹತ್ತುವುದನ್ನು ತಡೆಯುವ ಉಪಾಯವನ್ನು ಹುಡುಕುವಂತೆ ಗೇ ಲ್ಯೂಸಾಕ್ ಎಂಬ ವಿಜ್ಞಾನಿಗೆ ಸೂಚಿಸಿದನು. ಅನಿಲಗಳ ನಿಯಮದ ಪಾಠದಲ್ಲಿ ನಮ್ಮ ವಿದ್ಯಾರ್ಥಿಗಳು ಓದುವ ಗೇ ಲ್ಯೂಸಾಕನೇ ಈತ. 1821ರಲ್ಲಿ ಅವನು ತನ್ನ ಫಲಿತಾಂಶಗಳನ್ನು ಪ್ರಕಟಿಸಿದನು. ಅಮೋನಿಯಮ್ ಫಾಸ್ಫೇಟ್, ನವಸಾಗರ, ಬಿಳಿಗಾರ, ಇವುಗಳ ದ್ರಾವಣದಲ್ಲಿ ಅದ್ದಿ ಒಣಗಿಸಿದ ನಾರುಬಟ್ಟೆಯು ಜ್ವಾಲೆಯನ್ನು ಹಿಡಿಯಲಿಲ್ಲ. ಅವನ ಅಮೋನಿಯಮ್ ಫಾಸ್ಫೇಟಿನ ಹತ್ತಿರದ ಬಂಧುವಾದ ಡೈಅಮೋನಿಯಮ್ ಫಾಸ್ಫೇಟು ಇಂದು ಡಿಎಪಿ ಎಂಬ ಹೆಸರಿನಲ್ಲಿ ನಮ್ಮ ರೈತರೆಲ್ಲರಿಗೂ ಪರಿಚಿತವಾದ ಗೊಬ್ಬರವೆಂಬುದನ್ನು ಇಲ್ಲಿ ಸ್ಮರಿಸಬಹುದು.

ಅಧ್ಯಾಪಕರು ಇದನ್ನು ತರಗತಿಗೆ ಪ್ರತ್ಯಕ್ಷವಾಗಿ ತೋರಿಸಬಹುದಾಗಿದೆ. ಪ್ರಯೋಗಶಾಲೆಯ ಶುದ್ಧ ಡೈಅಮೋನಿಯಮ್ ಫಾಸ್ಫೇಟನ್ನು ಹತ್ತು ಗ್ರಾಂ ತೂಗಿ ನೂರು ಮಿಲಿಲೀಟರು ನೀರಿನಲ್ಲಿ ಕರಗಿಸಿ, ಹತ್ತಿ ಬಟ್ಟೆಯ ಪಟ್ಟಿಯನ್ನು ಅದರಲ್ಲಿ ನೆನೆಯಿಸಿ ಚೆನ್ನಾಗಿ ಒಣಗಿಸಬೇಕು. ಇಂತಹ ಎರಡು ಪಟ್ಟಿಗಳನ್ನು ಸಿದ್ಧಪಡಿಸಿ, ಅವುಗಳಲ್ಲಿ ಒಂದನ್ನು ನೀರಿನಲ್ಲಿ ಚೆನ್ನಾಗಿ ಜಾಲಿಸಿ ಮತ್ತೆ ಒಣಗಿಸಬೇಕು. ಆಮೇಲೆ ಇವೆರಡನ್ನೂ, ಏನನ್ನೂ ಸವರದ ಮೂರನೆಯ ಪಟ್ಟಿಯೊಂದನ್ನೂ, ಗಾಳಿಯಾಡುವ ಸ್ಥಳದಲ್ಲಿ ನೀರಿನ ಬಕೆಟ್ಟನ್ನು ಪಕ್ಕದಲ್ಲಿರಿಸಿಕೊಂಡು, ಇಕ್ಕಳದಿಂದ ಹಿಡಿದು ಒಂದೊಂದಾಗಿ ಮೇಣದಬತ್ತಿಗೆ ಒಡ್ಡಬೇಕು. ಬರಿಯ ಬಟ್ಟೆಯು ಭುಗಿಲೆಂದು ಉರಿದುಹೋಗುತ್ತದೆ. ಲವಣವನ್ನು ಹೀರಿದ ಪಟ್ಟಿಯು ಕಪ್ಪಾಗಿ ಕರಿಕಾಗುವುದೇ ಹೊರತು, ಬತ್ತಿಯಿಂದ ದೂರ ಸರಿಸಿದೊಡನೆ ನಂದುತ್ತದೆ. ಜಾಲಿಸಿದ ಪಟ್ಟಿಯಾದರೋ ಬರಿಯ ಬಟ್ಟೆಯಂತೆಯೇ ಉರಿಯುತ್ತದೆ. ಈ ಮೂರನೆಯ ಫಲವನ್ನು ವಿದ್ಯಾರ್ಥಿಗಳು ನೆನಪಿನಲ್ಲಿ ಇರಿಸಿಕೊಳ್ಳಬೇಕು. ಬರಿದೆ ಬೆರೆಸಿದ ದ್ರವ್ಯವು ಒಂದಲ್ಲ ಒಂದು ದಿನ ಹೊರಬೀಳುತ್ತದೆ ಎಂಬ ಈ ಸಂಗತಿಯು ಮುಂದೆ ಪ್ಲಾಸ್ಟಿಕ್ಕಿನ ವಿಷಯದಲ್ಲಿ ದೊಡ್ಡ ಸಮಸ್ಯೆಯಾಗಿ ಪರಿಣಮಿಸಿತು. ಪ್ಲಾಸ್ಟಿಕ್ಕಿನ ತುಂಡುಗಳನ್ನು, ಅದರಲ್ಲಿಯೂ ಪಿವಿಸಿಯನ್ನು, ತರಗತಿಯಲ್ಲಿ ಸುಟ್ಟು ತೋರಿಸುವುದು ಸರ್ವಥಾ ಕೂಡದು. ಅದರ ಹೊಗೆಯು ವಿಷಕರವಾದುದು.

ಇನ್ನು ಮೂರು ಮಾರ್ಗಗಳನ್ನು ನೋಡೋಣ. ಶಾಖವನ್ನು ಹೀರುವ ದ್ರವ್ಯಗಳಲ್ಲಿ ಮುಖ್ಯವಾದುದು ಅಲ್ಯುಮಿನಿಯಮ್ ಹೈಡ್ರಾಕ್ಸೈಡ್. ಇದು ಬಾಕ್ಸೈಟ್ ಅದಿರಿನಿಂದ ಅಲ್ಯುಮಿನಾವನ್ನು ತೆಗೆಯುವಾಗ ನಡುವೆ ದೊರೆಯುವ ಬಿಳಿಯ ಪುಡಿ. ನಮ್ಮ ಬೆಳಗಾವಿಯ ಅಲ್ಯುಮಿನಾ ಕಾರ್ಖಾನೆಯಲ್ಲಿಯೂ ಇದು ತಯಾರಾಗುತ್ತದೆ. ನೋಡುವುದಕ್ಕೆ ಒಣಪುಡಿಯಾದರೂ ಅದರ ಅಣುಗಳಲ್ಲಿ ನೀರಿನ ಘಟಕಗಳು ಅಡಗಿವೆ. ಸುಮಾರು 200 ಡಿಗ್ರಿ ಸೆಂಟಿಗ್ರೇಡನ್ನು ದಾಟಿದಾಗ ನೂರು ಗ್ರಾಂ ಪುಡಿಯಿಂದ ಸುಮಾರು 35 ಗ್ರಾಂ ನೀರು ಆವಿಯಾಗಿ ಹೊರಬರುತ್ತದೆ. ಹೀಗೆ ಒಡೆಯುವುದಕ್ಕೆ ಬೇಕಾದ ಶಾಖವನ್ನು ಅದು ಸುತ್ತಣಿಂದಲೇ ಹೀರುವುದರಿಂದ ಪ್ಲಾಸ್ಟಿಕ್ ತಂಪಾಗುತ್ತದೆ. ಹೊರಬಂದ ನೀರಾವಿಯು ಉರಿಯುವ ಅನಿಲಗಳನ್ನು ತೆಳುವಾಗಿಸುತ್ತದೆ. ಉಳಿದ ಅಲ್ಯುಮಿನಾ ಮೈಮೇಲೆ ಪದರವಾಗಿ ನಿಲ್ಲುತ್ತದೆ. ವಿಷವಿಲ್ಲ, ಹೊಗೆ ಕಡಮೆ, ಬೆಲೆಯೂ ಕಡಮೆ. ಪ್ಲಾಸ್ಟಿಕ್ಕಿನೊಳಗೆ ನೀರಿನ ಕೊಡವನ್ನು ಹೂತಿಟ್ಟಂತೆ ಎನ್ನಬಹುದು.

ಹಾಗಾದರೆ ಎಲ್ಲ ಕಡೆಯೂ ಇದನ್ನೇ ಏಕೆ ಬಳಸಬಾರದು? ಪ್ರಶ್ನೆ ಸಹಜವಾದುದು. ಸಾಕಷ್ಟು ಫಲ ದೊರೆಯಬೇಕಾದರೆ ಪ್ಲಾಸ್ಟಿಕ್ಕಿನ ಮಿಶ್ರಣದಲ್ಲಿ ಅರ್ಧಕ್ಕಿಂತ ಹೆಚ್ಚು, ಕೆಲವು ವೇಳೆ ನೂರಕ್ಕೆ 60ರಷ್ಟು ತೂಕ ಈ ಪುಡಿಯೇ ಇರಬೇಕಾಗುತ್ತದೆ. ಹಿಟ್ಟಿಗಿಂತ ಬೂಸಾ ಹೆಚ್ಚಾದ ರೊಟ್ಟಿಯಂತೆ ಅಂತಹ ಪ್ಲಾಸ್ಟಿಕ್ಕು ಗಡುಸಾಗಿ, ಬಾಗಿಸಿದರೆ ಬಿರಿಯುತ್ತದೆ. ಅಚ್ಚಿನಲ್ಲಿ ಸರಾಗವಾಗಿ ಹರಿಯದು. ಇದಲ್ಲದೆ 200 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಎರಕ ಹೊಯ್ಯಬೇಕಾದ ಪಾಲಿಪ್ರೊಪಿಲೀನ್, ನೈಲಾನ್ ಮೊದಲಾದವುಗಳಲ್ಲಿ ಪುಡಿಯು ಅಚ್ಚಿನಲ್ಲಿಯೇ ನೀರು ಬಿಟ್ಟು ಸರಕನ್ನು ಕೆಡಿಸುತ್ತದೆ. ಅಂತಹ ಕಡೆ 300 ಡಿಗ್ರಿಯವರೆಗೆ ತಾಳುವ ಮೆಗ್ನೀಸಿಯಮ್ ಹೈಡ್ರಾಕ್ಸೈಡನ್ನು ಬಳಸುವರು.

ಈ ಸಾಧಾರಣ ಪುಡಿಯ ಮಹತ್ವವು 2017ರ ಜೂನ್ 14ರಂದು ಲಂಡನ್ನಿನಲ್ಲಿ ಲೋಕಕ್ಕೆಲ್ಲ ತಿಳಿದುಬಂದಿತು. ಗ್ರೆನ್‌ಫೆಲ್ ಟವರ್ ಎಂಬ 24 ಅಂತಸ್ತಿನ ವಸತಿ ಕಟ್ಟಡದ ನಾಲ್ಕನೆಯ ಅಂತಸ್ತಿನ ಮನೆಯೊಂದರಲ್ಲಿ ಹುಟ್ಟಿದ ಬೆಂಕಿಯು ಹೊರಗೋಡೆಯನ್ನು ಹಿಡಿದು ಅರ್ಧ ಗಂಟೆಯೊಳಗೇ ಕಟ್ಟಡದ ತುದಿಯನ್ನು ಮುಟ್ಟಿತು. 72 ಮಂದಿ ಮಡಿದರು. ಹೊರಗೋಡೆಗೆ ಹೊದಿಸಿದ್ದುದು ಅಲ್ಯುಮಿನಿಯಮಿನ ಎರಡು ತೆಳು ತಗಡುಗಳ ನಡುವೆ ಪಾಲಿಥೀನನ್ನು ತುಂಬಿದ ಹಾಳೆ. ಒಳತಿರುಳಿನಲ್ಲಿ ಖನಿಜದ ಪುಡಿಯನ್ನು ಬೆರೆಸಿದ, ಬೆಂಕಿಯನ್ನು ಹೆಚ್ಚು ತಾಳುವ ಹಾಳೆಯೂ ಆಗ ಮಾರುಕಟ್ಟೆಯಲ್ಲಿ ಇತ್ತು. ಅದರ ಬೆಲೆ ತುಸು ಹೆಚ್ಚು. ನಮ್ಮ ಪಟ್ಟಣಗಳಲ್ಲಿ ಎಸಿಪಿ ಎಂಬ ಹೆಸರಿನಿಂದ ಅಂಗಡಿ, ಆಸ್ಪತ್ರೆ, ಕಾಲೇಜುಗಳ ಮುಂಭಾಗವನ್ನು ಅಲಂಕರಿಸುತ್ತಿರುವುದು ಇದೇ ಬಗೆಯ ಹಾಳೆ. ಮೇಲುನೋಟಕ್ಕೆ ಎರಡೂ ಒಂದೇ ತೆರನಾಗಿ ಹೊಳೆಯುವುದರಿಂದ ಒಳತಿರುಳು ಯಾವುದೆಂದು ಕೇಳಿ, ಪ್ರಮಾಣಪತ್ರವನ್ನು ನೋಡದೆ ಕೊಳ್ಳುವುದು ವಿವೇಕವಲ್ಲ.

ಎರಡನೆಯ ಮಾರ್ಗವು ರಂಜಕದ ಸಂಯುಕ್ತಗಳದು. ಗೇ ಲ್ಯೂಸಾಕನ ಪ್ರಯೋಗದಲ್ಲಿ ಬಟ್ಟೆಯು ಕರಿಕಾದುದು ಇದರ ಪ್ರಭಾವದಿಂದಲೇ. ಶಾಖಕ್ಕೆ ಸಿಕ್ಕ ರಂಜಕವು ಫಾಸ್ಫಾರಿಕ್ ಆಮ್ಲವಾಗಿ, ವಸ್ತುವಿನಲ್ಲಿರುವ ಜಲಜನಕ ಮತ್ತು ಆಮ್ಲಜನಕಗಳನ್ನು ನೀರಿನ ರೂಪದಲ್ಲಿ ಹೊರಗೆಳೆದು ಇಂಗಾಲವನ್ನು ಹಿಂದೆ ಉಳಿಸುತ್ತದೆ. ಅನಿಲವಾಗಿ ಉರಿಯಬೇಕಾಗಿದ್ದ ಇಂಗಾಲವೇ ಇದ್ದಿಲಿನ ಕವಚವಾಗಿ ಉಳಿದ ಭಾಗವನ್ನು ಕಾಯುತ್ತದೆ. ಕೆಲವು ಮಿಶ್ರಣಗಳಲ್ಲಿ ಆಮ್ಲವನ್ನು ಕೊಡುವ ಅಮೋನಿಯಮ್ ಪಾಲಿಫಾಸ್ಫೇಟು, ಇಂಗಾಲವನ್ನು ಕೊಡುವ ಪೆಂಟಾಎರಿಥ್ರಿಟಾಲು, ಅನಿಲವನ್ನು ಬಿಟ್ಟು ಉಬ್ಬಿಸುವ ಮೆಲಮೀನು, ಈ ಮೂರನ್ನೂ ಕೂಡಿಸಿರುತ್ತಾರೆ. ಬೆಂಕಿ ತಗುಲಿದೊಡನೆ ಇಂತಹ ಲೇಪವು ಕಾದ ಎಣ್ಣೆಯಲ್ಲಿ ಬಿದ್ದ ಸಂಡಿಗೆಯಂತೆ ಅರಳಿ, ಮೂಲ ದಪ್ಪದ ಹತ್ತಾರು ಪಟ್ಟು ಉಬ್ಬಿದ ಇದ್ದಿಲಿನ ಹಾಸಾಗುತ್ತದೆ. ಉಕ್ಕಿನ ಕಂಬಗಳಿಗೆ ಬಳಿಯುವ ಅಗ್ನಿರಕ್ಷಕ ಬಣ್ಣವೂ ಇದೇ ತತ್ತ್ವದ್ದು. ಈ ಮಾರ್ಗವು ಲೇಖಕನಿಗೆ ಮೂರರಲ್ಲಿ ಅತ್ಯಂತ ಸೊಗಸಾಗಿ ತೋರುತ್ತದೆ. ಶತ್ರುವಿನ ಮೇವನ್ನೇ ಕೋಟೆಯ ಗೋಡೆಯಾಗಿ ಮಾಡಿಕೊಳ್ಳುವ ಯುಕ್ತಿಯಿದು.

ಮೂರನೆಯದು ಕ್ಲೋರಿನ್, ಬ್ರೋಮಿನ್ ಎಂಬ ಹ್ಯಾಲೊಜನ್ನುಗಳ ಮಾರ್ಗ. ಇವುಗಳ ಸಂಯುಕ್ತಗಳು ಕಾದಾಗ ಹೈಡ್ರೊಕ್ಲೋರಿಕ್ ಅಥವಾ ಹೈಡ್ರೊಬ್ರೋಮಿಕ್ ಆಮ್ಲದ ಅನಿಲವನ್ನು ಬಿಡುತ್ತವೆ. ಅದು ಜ್ವಾಲೆಯನ್ನು ಹೊಕ್ಕು ಅಲ್ಲಿಯ ಚಂಚಲ ರಾಡಿಕಲ್ಲುಗಳನ್ನು ಹಿಡಿದು, ಜಲಜನಕದ ಪರಮಾಣುವನ್ನು ಜಲಜನಕದ ಅನಿಲವಾಗಿಯೂ ಹೈಡ್ರಾಕ್ಸಿಲನ್ನು ನೀರಾಗಿಯೂ ಪರಿವರ್ತಿಸಿ ಶಾಂತಗೊಳಿಸುತ್ತದೆ. ಈ ಕೆಲಸದಲ್ಲಿ ತಾನು ಬ್ರೋಮಿನ್ ಪರಮಾಣುವಾಗಿ ಉಳಿದರೂ, ಬೇರೊಂದು ಜಲಜನಕವನ್ನು ಎಳೆದುಕೊಂಡು ಮತ್ತೆ ಮೊದಲಿನಂತಾಗಿ ಹೊಸ ಬೇಟೆಗೆ ಹೊರಡುತ್ತದೆ. ಆದುದರಿಂದ ಅಲ್ಪ ಪ್ರಮಾಣವೇ ಸಾಕಾಗುತ್ತದೆ. ಹ್ಯಾಲೊಜನ್ನುಗಳು ನಾಲ್ಕಿದ್ದರೂ ಬ್ರೋಮಿನ್ನಿಗೇ ಅಗ್ರಸ್ಥಾನ ದೊರೆತುದಕ್ಕೆ ಕಾರಣವಿದೆ. ಫ್ಲೂರಿನ್ ಇಂಗಾಲವನ್ನು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಬೇಕಾದಾಗ ಬಿಡದು. ಅಯೊಡಿನ್ ಹಿಡಿತವು ತೀರ ಸಡಿಲವಾದುದರಿಂದ ಬೇಡದಾಗಲೂ ಬಿಟ್ಟುಬಿಡುತ್ತದೆ. ಬ್ರೋಮಿನ್ ಮಾತ್ರ ಪ್ಲಾಸ್ಟಿಕ್ ಒಡೆಯುವ ಹೊತ್ತಿಗೆ ಸರಿಯಾಗಿ ಕಳಚಿಕೊಳ್ಳುತ್ತದೆ. ಇದಕ್ಕೆ ಆಂಟಿಮನಿ ಟ್ರೈಆಕ್ಸೈಡನ್ನು ಸೇರಿಸಿದರೆ ಬಲವು ಇನ್ನೂ ಹೆಚ್ಚುತ್ತದೆ. ಆಂಟಿಮನಿಗೆ ತಾನಾಗಿ ಬೆಂಕಿಯನ್ನು ತಡೆಯುವ ಶಕ್ತಿಯಿಲ್ಲದಿದ್ದರೂ ಅದು ಹ್ಯಾಲೊಜನ್ನನ್ನು ಹೊತ್ತು ಜ್ವಾಲೆಯೊಳಕ್ಕೆ ಸಾಗಿಸುವ ವಾಹನವಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ಡೇರೆಯ ಬಟ್ಟೆಗಳಿಗೆ ಕ್ಲೋರಿನ್ ಸೇರಿಸಿದ ಪ್ಯಾರಫಿನ್ನನ್ನೂ ಆಂಟಿಮನಿಯ ಆಕ್ಸೈಡನ್ನೂ ಕೂಡಿಸಿ ಬಳಿಯುತ್ತಿದ್ದುದು ಈ ಜೋಡಿಯ ಮೊದಲ ದೊಡ್ಡ ಪ್ರಯೋಗ.

ಪಿವಿಸಿಯ ಸಂಗತಿ ವಿಶೇಷವಾದುದು. ಅದರ ತೂಕದಲ್ಲಿ ನೂರಕ್ಕೆ 57ರಷ್ಟು ಕ್ಲೋರಿನ್ನೇ ಇರುವುದರಿಂದ ಅದು ಹುಟ್ಟಿನಿಂದಲೇ ಜ್ವಾಲಾರೋಧಕ. ಆದರೆ ತಂತಿಯ ಹೊದಿಕೆಯು ಬಾಗಬೇಕಾದುದರಿಂದ ಅದಕ್ಕೆ ಮೆದುಕಾರಕ ಎಣ್ಣೆಗಳನ್ನು ಬೆರೆಸುತ್ತಾರೆ. ಆ ಎಣ್ಣೆಗಳು ಉರಿಯತಕ್ಕವು. ಗಟ್ಟಿ ಕೊಳವೆಯ ಪಿವಿಸಿಯೂ ಮೆದು ತಂತಿಯ ಪಿವಿಸಿಯೂ ಬೆಂಕಿಯ ಮುಂದೆ ಒಂದೇ ಅಲ್ಲ.

ಇವೆಲ್ಲವನ್ನು ಅಳೆಯುವ ಬಗೆಯನ್ನು ಸಂಕ್ಷೇಪವಾಗಿ ಹೇಳಬಹುದು. ಒಂದು ವಸ್ತುವು ಉರಿಯುತ್ತಿರಲು ಸುತ್ತಣ ಅನಿಲದಲ್ಲಿ ನೂರಕ್ಕೆ ಎಷ್ಟು ಆಮ್ಲಜನಕ ಇರಲೇಬೇಕೋ ಅದಕ್ಕೆ ಆಮ್ಲಜನಕ ಸೂಚ್ಯಂಕವೆಂದು ಹೆಸರು; 1966ರಲ್ಲಿ ಫೆನಿಮೋರ್ ಮತ್ತು ಮಾರ್ಟಿನ್ ಎಂಬವರು ಇದನ್ನು ರೂಪಿಸಿದರು. ನಾವು ಉಸಿರಾಡುವ ಗಾಳಿಯಲ್ಲಿರುವುದು ಸುಮಾರು 21. ಪಾಲಿಥೀನ್, ಪಾಲಿಸ್ಟೈರೀನುಗಳ ಸೂಚ್ಯಂಕ 17–18. ಆದುದರಿಂದ ಅವು ಗಾಳಿಯಲ್ಲಿ ನಿರಾತಂಕವಾಗಿ ಉರಿಯುತ್ತವೆ. ಉಣ್ಣೆಯದು ಸುಮಾರು 25, ಗಟ್ಟಿ ಪಿವಿಸಿಯದು ಸುಮಾರು 45, ಟೆಫ್ಲಾನಿನದು 95. ಇನ್ನೊಂದು ಪರೀಕ್ಷೆಯು ಅಮೆರಿಕದ ಯುಎಲ್-94. ಲಂಬವಾಗಿ ತೂಗಹಾಕಿದ ಪಟ್ಟಿಗೆ ಹತ್ತು ಸೆಕೆಂಡುಗಳಂತೆ ಎರಡು ಸಲ ಸಣ್ಣ ಜ್ವಾಲೆಯನ್ನು ತಾಗಿಸಿ, ಪ್ರತಿ ಸಲವೂ ಉರಿಯು ಹತ್ತು ಸೆಕೆಂಡುಗಳೊಳಗೆ ತಾನೇ ನಂದಿ, ಉರಿಯುವ ಹನಿಗಳು ಕೆಳಗಿನ ಅರಳೆಯನ್ನು ಹೊತ್ತಿಸದಿದ್ದರೆ ಅದಕ್ಕೆ ವಿ-0 ಎಂಬ ದರ್ಜೆ. ಇಂತಹ ಪರೀಕ್ಷೆಗಳಲ್ಲಿ ಜ್ವಾಲೆಯು ಬಹಳ ಚಿಕ್ಕದು; ಕೊಠಡಿಯೇ ಹೊತ್ತಿ ಉರಿಯುವಾಗ ಅದೇ ವಸ್ತು ಹೇಗೆ ವರ್ತಿಸುವುದೆಂಬುದನ್ನು ಅವು ಹೇಳುವುದಿಲ್ಲ.

ಜ್ವಾಲಾರೋಧಕಗಳಿಂದ ನಿಜವಾದ ಪ್ರಯೋಜನವುಂಟೇ? ಉಂಟು. 1988ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು ಒಂದು ವ್ಯಾಪಕ ಪರೀಕ್ಷೆಯ ಫಲವನ್ನು ಪ್ರಕಟಿಸಿತು. ದೂರದರ್ಶನದ ಪೆಟ್ಟಿಗೆ, ಕಚೇರಿಯ ಯಂತ್ರದ ಹೊರಕವಚ, ಮೆತ್ತೆಯ ಕುರ್ಚಿ, ವಿದ್ಯುತ್ ಕೇಬಲ್ಲು, ವಿದ್ಯುನ್ಮಂಡಲದ ಫಲಕ, ಈ ಐದನ್ನೂ ರೋಧಕ ಸೇರಿಸಿಯೂ ಸೇರಿಸದೆಯೂ ಕೊಠಡಿಗಳಲ್ಲಿ ಸುಟ್ಟು ನೋಡಿದಾಗ, ರೋಧಕವಿದ್ದಲ್ಲಿ ಜನರು ಪಾರಾಗಲು ದೊರೆತ ಸಮಯವು 15 ಪಟ್ಟಿಗೂ ಹೆಚ್ಚಾಗಿದ್ದಿತು. ಹೊರಬಿದ್ದ ಒಟ್ಟು ವಿಷಾನಿಲವೂ ಮೂರನೆಯ ಒಂದು ಪಾಲಿಗೆ ಇಳಿದಿದ್ದಿತು, ಏಕೆಂದರೆ ಸುಟ್ಟ ವಸ್ತುವೇ ಕಡಮೆ. ಇದಕ್ಕೆ ವಿರುದ್ಧವಾದ ಉದಾಹರಣೆ ಅಮೆರಿಕದ ರೋಡ್ ಐಲೆಂಡಿನದು. ಅಲ್ಲಿ 2003ರ ಫೆಬ್ರವರಿ 20ರಂದು ‘ದಿ ಸ್ಟೇಷನ್’ ಎಂಬ ಸಂಗೀತಶಾಲೆಯಲ್ಲಿ ವೇದಿಕೆಯ ಬಾಣಬಿರುಸಿನ ಕಿಡಿಯು, ಸದ್ದನ್ನು ಹೀರಲೆಂದು ಗೋಡೆಗೆ ಅಂಟಿಸಿದ್ದ ಪಾಲಿಯುರಿಥೇನ್ ಫೋಮಿಗೆ ತಗುಲಿ 100 ಮಂದಿ ಸತ್ತರು. ಸುಮಾರು ಒಂದೂವರೆ ನಿಮಿಷದಲ್ಲಿಯೇ ಸಭಾಂಗಣದ ಒಳಗೆ ನಿಲ್ಲಲಾಗದ ಸ್ಥಿತಿಯುಂಟಾಯಿತೆಂದು ತನಿಖೆಯು ತೋರಿಸಿತು. ಆ ಫೋಮಿನಲ್ಲಿ ಜ್ವಾಲಾರೋಧಕವಿರಲಿಲ್ಲ. ವಾರ್ಷಿಕೋತ್ಸವದ ವೇದಿಕೆಯನ್ನು ಥರ್ಮೋಕೋಲಿನಿಂದ ಸಿಂಗರಿಸಿ, ಅದರ ಪಕ್ಕದಲ್ಲಿಯೇ ಕಾದ ದೀಪಗಳನ್ನು ನಿಲ್ಲಿಸುವವರು ಇದನ್ನು ಗಮನಿಸಬೇಕು. ಥರ್ಮೋಕೋಲೆಂದರೆ ಗಾಳಿ ತುಂಬಿದ ಪಾಲಿಸ್ಟೈರೀನಲ್ಲದೆ ಬೇರಲ್ಲ.

ಆದರೆ ಬೆಂಕಿಯಲ್ಲಿ ಬಹುಮಂದಿ ಸಾಯುವುದು ಸುಟ್ಟು ಅಲ್ಲ, ಉಸಿರುಕಟ್ಟಿ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿಯನ್ನು ಕೊಂದದ್ದು, ಕೆಳಗಣ ವಿದ್ಯುತ್ ಪರಿವರ್ತಕದ ಬೆಂಕಿಯಿಂದ ಎದ್ದು ಬಾಲ್ಕನಿಯನ್ನು ತುಂಬಿದ ಹೊಗೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ವಿದ್ಯುತ್ ಕೇಬಲ್ಲುಗಳ ಕೊಳವೆಯಿಂದ ಹೊಗೆಯು ಮೇಲಂತಸ್ತುಗಳಿಗೆ ನುಗ್ಗಿ 9 ಜನ ಪ್ರಾಣ ಕಳೆದುಕೊಂಡರು. ಹೊಗೆಯನ್ನು ತಾಳಲಾರದೆ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು. ಅಪೂರ್ಣ ದಹನದಿಂದಾಗುವ ಇಂಗಾಲದ ಮಾನಾಕ್ಸೈಡು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಪಾಲಿಯುರಿಥೇನ್ ಮತ್ತು ನೈಲಾನುಗಳಿಂದ ಹೈಡ್ರೊಸಯನಿಕ್ ಆಮ್ಲದ ಅನಿಲವೂ ಏಳುತ್ತದೆ. ಹ್ಯಾಲೊಜನ್ನಿನ ದೋಷವು ಇಲ್ಲಿಯೇ ಇದೆ. ಅದು ಜ್ವಾಲೆಯ ಕ್ರಿಯೆಯನ್ನು ಅರ್ಧಕ್ಕೇ ತಡೆಯುವುದರಿಂದ ದಹನವು ಅಪೂರ್ಣವಾಗಿ ಮಸಿಯೂ ಮಾನಾಕ್ಸೈಡೂ ಹೆಚ್ಚುತ್ತವೆ. ಮೇಲಾಗಿ ಬಿಡುಗಡೆಯಾದ ಆಮ್ಲವು ಕಣ್ಣು ಗಂಟಲುಗಳನ್ನು ಉರಿಸಿ ಬಾಗಿಲನ್ನು ಕಾಣಗೊಡದು. ಬೆಂಕಿ ಚಿಕ್ಕದಿರುವಾಗ ಅದು ರಕ್ಷಕ. ಬೆಂಕಿ ಅದನ್ನು ಮೀರಿ ಬೆಳೆದರೆ ಅದೇ ಹೊಗೆಯ ಮೂಲ.

ಬೆಂಕಿಯೇ ಹತ್ತದಿದ್ದರೂ ಈ ದ್ರವ್ಯಗಳಲ್ಲಿ ಕೆಲವು ಕೇಡನ್ನು ಮಾಡಿವೆ. 1973ರಲ್ಲಿ ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ ದನಗಳ ಮೇವಿಗೆ ಬೆರೆಸಬೇಕಾಗಿದ್ದ ಮೆಗ್ನೀಸಿಯಮ್ ಆಕ್ಸೈಡಿನ ಬದಲಾಗಿ, ಪಾಲಿಬ್ರೋಮಿನೇಟೆಡ್ ಬೈಫಿನೈಲ್ ಎಂಬ ಜ್ವಾಲಾರೋಧಕದ ಚೀಲಗಳು ಪ್ರಮಾದದಿಂದ ರವಾನೆಯಾದವು. ವಿಷಯ ಬಯಲಾಗುವಷ್ಟರಲ್ಲಿ ಹಾಲು, ಮಾಂಸ, ಮೊಟ್ಟೆಗಳ ಮೂಲಕ ಅದು ಲಕ್ಷಾಂತರ ಜನರ ದೇಹವನ್ನು ಸೇರಿತ್ತು. ಸುಮಾರು 30,000 ದನಗಳನ್ನೂ 15 ಲಕ್ಷ ಕೋಳಿಗಳನ್ನೂ ಕೊಂದು ಹೂಳಬೇಕಾಯಿತು. ಅದೇ ದೇಶದಲ್ಲಿ ಮಕ್ಕಳ ರಾತ್ರಿಯುಡುಪಿಗೆ ಟ್ರಿಸ್ ಎಂಬ ಬ್ರೋಮಿನ್ ಸಂಯುಕ್ತವನ್ನು ಸೇರಿಸುತ್ತಿದ್ದರು. ಅದು ಜೀವಕೋಶಗಳ ಆನುವಂಶಿಕ ದ್ರವ್ಯವನ್ನು ಕೆಡಿಸುವುದೆಂದು ಆರ್ಲೀನ್ ಬ್ಲಮ್ ಮತ್ತು ಬ್ರೂಸ್ ಏಮ್ಸ್ ಎಂಬ ವಿಜ್ಞಾನಿಗಳು 1977ರಲ್ಲಿ ಎಚ್ಚರಿಸಿದರು. ಅದೇ ವರ್ಷ ಅಂತಹ ಉಡುಪುಗಳು ನಿಷಿದ್ಧವಾದವು. ಮಗುವನ್ನು ಬೆಂಕಿಯಿಂದ ಕಾಯಲೆಂದು ತೊಡಿಸಿದ ಬಟ್ಟೆಯೇ ಮಗುವಿನ ಮೈಗೆ ವಿಷವನ್ನು ಊಡುತ್ತಿದ್ದಿತು!

ಮೇಲೆ ಹೇಳಿದ ಜಾಲಿಸಿದ ಬಟ್ಟೆಯ ಪಾಠವು ಇಲ್ಲಿ ನೆರವಿಗೆ ಬರುತ್ತದೆ. ಪ್ಲಾಸ್ಟಿಕ್ಕಿನ ಸರಪಳಿಗೆ ರಾಸಾಯನಿಕವಾಗಿ ಬೆಸೆದುಕೊಂಡ ರೋಧಕವು ಬಹುಮಟ್ಟಿಗೆ ಅಲ್ಲಿಯೇ ನಿಲ್ಲುತ್ತದೆ. ಗಣಕಯಂತ್ರಗಳ ಹಸುರು ಫಲಕದಲ್ಲಿ ಇರುವುದು ಹೀಗೆ ಬೆಸೆದ ಬ್ರೋಮಿನ್. ಬರಿದೆ ಬೆರೆಸಿದ ದ್ರವ್ಯವಾದರೋ ವರ್ಷಗಟ್ಟಲೆ ಮೆಲ್ಲಮೆಲ್ಲನೆ ಹೊರಬಂದು ಮನೆಯ ಧೂಳಿನಲ್ಲಿ ಸೇರುತ್ತದೆ. ನೆಲದ ಮೇಲೆ ಅಂಬೆಗಾಲಿಡುವ ಮಕ್ಕಳು ಅದನ್ನು ಎಲ್ಲರಿಗಿಂತ ಹೆಚ್ಚಾಗಿ ನುಂಗುತ್ತಾರೆ. ಸ್ವೀಡನ್ನಿನಲ್ಲಿ 1972ರಿಂದ 1997ರವರೆಗೆ ಸಂಗ್ರಹಿಸಿದ ತಾಯಿಹಾಲಿನ ಮಾದರಿಗಳಲ್ಲಿ ಬ್ರೋಮಿನ್ನಿನ ಡೈಫಿನೈಲ್ ಈಥರುಗಳ ಪ್ರಮಾಣವು ಸುಮಾರು ಐದು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತ ಬಂದಿದ್ದಿತು. ಈ ಬಗೆಯ ಸಂಶೋಧನೆಗಳ ಫಲವಾಗಿ ಸ್ಟಾಕ್‌ಹೋಮ್ ಒಡಂಬಡಿಕೆಯು ಇವುಗಳಲ್ಲಿ ಎರಡು ಬಗೆಯನ್ನು 2009ರಲ್ಲಿ, ಥರ್ಮೋಕೋಲಿಗೆ ಬೆರೆಸುತ್ತಿದ್ದ ಎಚ್‌ಬಿಸಿಡಿಯನ್ನು 2013ರಲ್ಲಿ, ಡೆಕಾ ಎಂಬ ಬಗೆಯನ್ನು 2017ರಲ್ಲಿ ನಿರ್ಮೂಲನದ ಪಟ್ಟಿಗೆ ಸೇರಿಸಿತು. ಭಾರತ ಸರಕಾರವು 2018ರಲ್ಲಿ ನಿಯಮಗಳನ್ನು ರಚಿಸಿ ಇವುಗಳಲ್ಲಿ ಹಲವನ್ನು ನಿಷೇಧಿಸಿತು.

ಹಳೆಯ ದೂರದರ್ಶನ, ಗಣಕಯಂತ್ರಗಳ ಕವಚಗಳಲ್ಲಿ ಈ ದ್ರವ್ಯಗಳು ಇನ್ನೂ ಉಳಿದಿವೆ. ಅವುಗಳನ್ನು ಕರಗಿಸಿ ಮಾಡಿದ ಆಟಿಕೆಗಳಲ್ಲಿಯೂ ಅಡುಗೆಯ ಸಾಧನಗಳಲ್ಲಿಯೂ ಬ್ರೋಮಿನ್ ಪತ್ತೆಯಾಗಿದೆ. ತಾಮ್ರಕ್ಕಾಗಿ ಕೇಬಲ್ಲುಗಳನ್ನು ಬಯಲಿನಲ್ಲಿ ಸುಟ್ಟರೆ ಡೈಆಕ್ಸಿನ್ ಎಂಬ ಅತಿಘೋರ ವಿಷವು ಹುಟ್ಟುತ್ತದೆ. ಶಾಲೆಯ ಹಾಳಾದ ಗಣಕಯಂತ್ರಗಳನ್ನು ಗುಜರಿಯವನಿಗೆ ತೂಕಕ್ಕೆ ಹಾಕದೆ, ಪರವಾನಗಿ ಪಡೆದ ಇ-ತ್ಯಾಜ್ಯ ಸಂಸ್ಥೆಗೆ ಒಪ್ಪಿಸತಕ್ಕದ್ದು.

ಹೀಗೆಂದು ರೋಧಕಗಳನ್ನೇ ತ್ಯಜಿಸಬೇಕೆಂದು ವಾದಿಸುವವರೂ ಇದ್ದಾರೆ. ನಮಗೆ ಇದು ಸರಿಯಾಗಿ ತೋರುವುದಿಲ್ಲ. ಕ್ಯಾಲಿಫೋರ್ನಿಯಾದ ಅನುಭವವು ನಡುದಾರಿಯನ್ನು ಸೂಚಿಸುತ್ತದೆ. ಅಲ್ಲಿ 1975ರಿಂದ ಜಾರಿಯಲ್ಲಿದ್ದ ನಿಯಮದಂತೆ ಸೋಫಾದೊಳಗಿನ ಬರಿಯ ಫೋಮು 12 ಸೆಕೆಂಡುಗಳ ಕಾಲ ಜ್ವಾಲೆಯನ್ನು ತಾಳಬೇಕಾಗಿದ್ದಿತು; ತಯಾರಕರು ಫೋಮಿಗೆ ಹೇರಳವಾಗಿ ರೋಧಕವನ್ನು ಸುರಿದರು. ಆದರೆ ಮನೆಗಳಲ್ಲಿ ಬೆಂಕಿಯು ಮೊದಲು ಹತ್ತುವುದು ಮೇಲುಬಟ್ಟೆಗೆ, ಅದೂ ಬಹುವೇಳೆ ಸಿಗರೇಟಿನ ಕೆಂಡದಿಂದ. 2013ರಲ್ಲಿ ನಿಯಮವನ್ನು ತಿದ್ದಿ ಮೇಲುಬಟ್ಟೆಯು ಕೆಂಡವನ್ನು ತಾಳಿದರೆ ಸಾಕೆಂದು ಮಾಡಿದರು. ವಿಷದ ಅಗತ್ಯವೇ ಬಹುಮಟ್ಟಿಗೆ ತಪ್ಪಿತು. ಬೆಂಕಿಯು ಎಲ್ಲಿ ಹುಟ್ಟುವುದೆಂದು ಮೊದಲು ತಿಳಿದು ಆಮೇಲೆ ರೋಧಕವನ್ನು ಆರಿಸಬೇಕು.

ನಮ್ಮ ಶಾಲೆ, ವಿದ್ಯಾರ್ಥಿನಿಲಯಗಳಲ್ಲಿ ಬೆಂಕಿ ಹುಟ್ಟುವ ಸಾಧ್ಯತೆ ಹೆಚ್ಚಾಗಿರುವುದು ಅಡುಗೆಮನೆಯಲ್ಲಿ ಮತ್ತು ವಿದ್ಯುತ್ ತಂತಿಗಳಲ್ಲಿ. ತಂತಿಯ ಸುರುಳಿಯ ಮೇಲೆ ಅಚ್ಚಾಗಿರುವ ಅಕ್ಷರಗಳನ್ನು ಓದಲು ಕಲಿಯುವುದು ಕಷ್ಟವಲ್ಲ. ‘ಎಫ್‌ಆರ್’ ಎಂದಿದ್ದರೆ ಅದು ಜ್ವಾಲೆಯನ್ನು ಹರಡಗೊಡದ ಪಿವಿಸಿ. ಅದರ ಆಮ್ಲಜನಕ ಸೂಚ್ಯಂಕವು 29ಕ್ಕೆ ಕಡಮೆಯಿರಬಾರದು. ‘ಎಫ್‌ಆರ್-ಎಲ್‌ಎಸ್‌ಎಚ್’ ಎಂದರೆ ಅದರ ಜೊತೆಗೆ ಹೊಗೆಯೂ ಕಡಮೆ; ಹೊರಬರುವ ಆಮ್ಲಾನಿಲವು ತೂಕದಲ್ಲಿ ನೂರಕ್ಕೆ 20ನ್ನು ಮೀರಬಾರದು. ಇವೆರಡೂ ಐಎಸ್ 694 ಎಂಬ ಭಾರತೀಯ ಮಾನಕಕ್ಕೆ ಒಳಪಟ್ಟವು. ‘ಎಚ್‌ಎಫ್‌ಎಫ್‌ಆರ್’ ಎಂದರೆ ಹ್ಯಾಲೊಜನ್ನೇ ಇಲ್ಲದ್ದು. ಇಂತಹ ಹೊದಿಕೆಗಳಲ್ಲಿ ಜ್ವಾಲೆಯನ್ನು ತಡೆಯುವುದು ಸಾಮಾನ್ಯವಾಗಿ ಮೇಲೆ ವರ್ಣಿಸಿದ ಅಲ್ಯುಮಿನಿಯಮ್ ಅಥವಾ ಮೆಗ್ನೀಸಿಯಮಿನ ಹೈಡ್ರಾಕ್ಸೈಡೇ. ಇದಕ್ಕೆ 2018ರ ಐಎಸ್ 17048 ಎಂಬ ಮಾನಕವಿದೆ. ನೂರಾರು ಮಕ್ಕಳು ಮಲಗುವ ನಿಲಯದಲ್ಲಿ, ಒಂದೇ ಮೆಟ್ಟಿಲಿನ ಕಟ್ಟಡದಲ್ಲಿ, ಸಭಾಭವನದಲ್ಲಿ ಈ ಮೂರನೆಯದನ್ನೇ ಹಾಕಿಸುವುದು ಲೇಸು. ಬೆಲೆ ಹೆಚ್ಚೆಂಬುದು ನಿಜ. ಆದರೆ ಕಟ್ಟಡದ ಒಟ್ಟು ವೆಚ್ಚದಲ್ಲಿ ತಂತಿಯ ಪಾಲು ಚಿಕ್ಕದು. ಕಟ್ಟಡಕ್ಕೆ ನೆರವಾಗುವ ದಾನಿಗಳು ಅಂದಾಜುಪಟ್ಟಿಯಲ್ಲಿ ಈ ಒಂದು ಸಾಲನ್ನು ವಿಚಾರಿಸಿ ನೋಡಬೇಕೆಂದು ವಿನಂತಿ. ಹಾಗೆಯೇ ಕೇಬಲ್ಲುಗಳು ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ಹಾಯುವ ರಂಧ್ರಗಳನ್ನು ಗುತ್ತಿಗೆದಾರರು ಸಾಮಾನ್ಯವಾಗಿ ತೆರೆದೇ ಬಿಡುತ್ತಾರೆ. ಹೊಗೆಯು ಮೇಲೇರುವುದು ಅವುಗಳ ಮೂಲಕವೇ. ಬೆಂಕಿಯಲ್ಲಿ ಉಬ್ಬಿ ಮುಚ್ಚಿಕೊಳ್ಳುವ ಲೇಪದಿಂದ ಆ ರಂಧ್ರಗಳನ್ನು ತುಂಬಿಸಿ, ಕೆಲಸ ಮುಗಿದ ಮೇಲೆ ಪ್ರತಿಯೊಂದು ಅಂತಸ್ತಿನಲ್ಲಿಯೂ ದೀಪ ಹಿಡಿದು ಪರೀಕ್ಷಿಸಿದ ತರುವಾಯವೇ ಅಂತಿಮ ಬಿಲ್ಲನ್ನು ಪಾವತಿ ಮಾಡತಕ್ಕದ್ದು.